ಮನಸ್ಸು ತೆರೆದಿಡುವುದು ಅಂದರೆ ಎಲ್ಲದಕ್ಕೂ ಹೂಂ ಅನ್ನುವುದಾ?

ಸೋಮವಾರಪೇಟೆ ಬೆಳೆಗಾರ

ನಮ್ಮ ಕೊಡಗಿನ ಕಡೆ ಕಾಫಿ ಬೆಳೆಗಾರರು ಸೇರಿದಲ್ಲೆಲ್ಲ ಈಚೆಗೆ ಒಂದು ಮಾತು ಜಾಸ್ತಿ ಕೇಳುತ್ತಿದ್ದೇನೆ. "ನೀವು ಮನಸ್ಸು ತೆರೆದು ನೋಡ್ತಾ ಇಲ್ಲ" ಅಂತ. ಅರೇಬಿಕಾ ಕಾಫಿ ಇರುವವರಿಗೆ ಬೋರರ್, ಅಂದರೆ ಕಾಂಡ ಕೊರೆಯುವ ಹುಳುವಿನ ಕಾಟ ಹೇಳಿಕೊಡಬೇಕಾಗಿಲ್ಲ. ಅದಕ್ಕೆ ಒಂದು ಗಿಡಮೂಲಿಕೆ ಕಷಾಯ ಬಂದಿದೆಯಂತೆ. ಕಾಂಡಕ್ಕೆ ಹಚ್ಚಿದರೆ ಹುಳು ಹತ್ತಿರ ಸುಳಿಯುವುದಿಲ್ಲವಂತೆ. ಹಚ್ಚಿದವರು ಹಸಿರು ಗಿಡದ ಫೋಟೋ ಹಾಕುತ್ತಿದ್ದಾರೆ. ನಾನು ಕೇಳಿದ್ದು ಇಷ್ಟೇ: ಅದೇ ತೋಟದಲ್ಲಿ ಹಚ್ಚದೆ ಬಿಟ್ಟ ಗಿಡ ಎಷ್ಟಿವೆ, ಅವು ಹೇಗಿವೆ? ಅದಕ್ಕೆ ಬಂದ ಉತ್ತರವೇ ಈ ಮಾತು.

ಇನ್ನೊಂದು ಕಡೆಯನ್ನೂ ಹೇಳಲೇಬೇಕು. ಓದಿ ಬಂದ ಹುಡುಗರು ಹೊಸದೇನಾದರೂ ತಂದರೆ "ತಾತನ ಕಾಲದಿಂದ ಹೀಗೇ ಮಾಡಿಕೊಂಡು ಬಂದಿದ್ದೇವೆ" ಅಂತ ಅವರ ಬಾಯಿ ಮುಚ್ಚಿಸುವುದೂ ನಮ್ಮಲ್ಲಿ ಕಡಿಮೆ ಇಲ್ಲ.

ನನ್ನ ಪ್ರಕಾರ ಒಂದೇ ಪ್ರಶ್ನೆ ಸಾಕು. "ಏನು ಕಂಡರೆ ನೀವು ನಿಮ್ಮ ಅಭಿಪ್ರಾಯ ಬಿಡುತ್ತೀರಿ?" ಇದಕ್ಕೆ ಉತ್ತರ ಕೊಡಬಲ್ಲವರ ಜೊತೆ ಎಷ್ಟು ಹೊತ್ತು ಬೇಕಾದರೂ ವಾದ ಮಾಡಬಹುದು. "ಏನು ಕಂಡರೂ ಬಿಡಲ್ಲ" ಅನ್ನುವವರು ಹಳಬರಿರಲಿ ಹೊಸಬರಿರಲಿ, ಅವರ ಹತ್ತಿರ ಮಾತಾಡಿ ಪ್ರಯೋಜನ ಇಲ್ಲ. ನೀವೆಲ್ಲ ಏನಂತೀರಿ?

ಮಾದಾಪುರದ ಕೃಷಿಕ

ಅಣ್ಣ, ಆ ಫೋಟೋ ಹಾಕಿದವರಲ್ಲಿ ನಾನೂ ಒಬ್ಬ. ಆ ಮಾತು ಹೇಳಿದವನೂ ನಾನೇ, ಹಾಗಾಗಿ ಇಲ್ಲೇ ಉತ್ತರಿಸುತ್ತೇನೆ.

ಹೊಟ್ಟೆಹುಣ್ಣಿನ ಕಥೆ ನಿಮಗೆ ಗೊತ್ತಿರಬಹುದು. ಚಿಂತೆ, ಖಾರ, ಹೊಟ್ಟೆಯ ಆಮ್ಲ ಇವುಗಳಿಂದಲೇ ಹುಣ್ಣಾಗುತ್ತದೆ ಅಂತ ವೈದ್ಯಲೋಕ ನಂಬಿತ್ತು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್, ಬ್ಯಾರಿ ಮಾರ್ಷಲ್ ಅನ್ನುವ ಇಬ್ಬರು "ಇದಕ್ಕೆ ಒಂದು ಬ್ಯಾಕ್ಟೀರಿಯಾ ಕಾರಣ" ಅಂದಾಗ ದೊಡ್ಡ ದೊಡ್ಡವರೇ ನಂಬಲಿಲ್ಲ. 2005ರಲ್ಲಿ ಅದೇ ಇಬ್ಬರಿಗೆ ನೊಬೆಲ್ ಬಂತು. ಅವತ್ತು ಒಪ್ಪದವರೂ "ಪುರಾವೆ ಎಲ್ಲಿ" ಅಂತಲೇ ಕೇಳಿದ್ದರು. ಪ್ರಶ್ನೆ ಕೇಳಿದ ಮಾತ್ರಕ್ಕೆ ಮನಸ್ಸು ತೆರೆದಿದೆ ಅಂತ ಆಗಿಬಿಡುತ್ತದಾ? ಬೇಡ ಅನ್ನುವುದಕ್ಕೂ ಪ್ರಶ್ನೆ ಕೇಳಬಹುದು ಅಲ್ವಾ?

ಸೋಮವಾರಪೇಟೆ ಬೆಳೆಗಾರ

ಕೊನೆಯ ಮಾತು ನಿಜ. ಉತ್ತರ ಬೇಡದೆ ಕೇಳುವ ಪ್ರಶ್ನೆಯೂ ಇದೆ.

ಆದರೆ ಆ ಕಥೆಯನ್ನು ಪೂರ್ತಿ ಹೇಳಬೇಕು. ಆ ಇಬ್ಬರು "ಮನಸ್ಸು ತೆರೆಯಿರಿ" ಅಂತ ಕೂತುಕೊಳ್ಳಲಿಲ್ಲ. ರೋಗಿಗಳ ಹೊಟ್ಟೆಯ ಒಳಪೊರೆಯ ಚೂರು ತೆಗೆದು ಬ್ಯಾಕ್ಟೀರಿಯಾ ತೋರಿಸಿದರು. ಲ್ಯಾಬಿನಲ್ಲಿ ಬೆಳೆಸಿದರು. 1984ರಲ್ಲಿ ಮಾರ್ಷಲ್ ಅದನ್ನು ತಾನೇ ಕುಡಿದರು, ಕೆಲವೇ ದಿನಗಳಲ್ಲಿ ಅವರ ಹೊಟ್ಟೆಯ ಪೊರೆ ಊದಿಕೊಂಡಿದ್ದು ಪರೀಕ್ಷೆಯಲ್ಲಿ ಕಂಡಿತು. ಆ ಬ್ಯಾಕ್ಟೀರಿಯಾವನ್ನು ಔಷಧಿಯಿಂದ ಕೊಂದರೆ ಹುಣ್ಣು ಮತ್ತೆ ಮತ್ತೆ ಬರುವುದು ನಿಂತಿತು. ನಂಬದವರು ನಂಬಿದ್ದು ಇದರಿಂದ. ಹಳೆಯ ವೈದ್ಯರು ತಡಮಾಡಿದರು ಅನ್ನುವುದು ಅವರ ತಪ್ಪೇ. ಆದರೆ ದೊಡ್ಡವರು ಒಪ್ಪದ್ದೆಲ್ಲ ಸರಿ ಅಂತ ಅದರಿಂದ ಹೇಳೋಕಾಗಲ್ಲ. ಯಾರೂ ಒಪ್ಪದ ಮಾತು ನೂರಿದ್ದರೆ ಅದರಲ್ಲಿ ಗಟ್ಟಿ ನಿಲ್ಲುವುದು ಎಲ್ಲೋ ಒಂದೆರಡು.

ಕುಶಾಲನಗರದ ಮೇಷ್ಟ್ರು

ಇಬ್ಬರೂ ಒಂದು ನಿಮಿಷ ನಿಲ್ಲಿ. ಶಾಲೆಯಲ್ಲಿ ಮಕ್ಕಳಿಗೆ ಆಡಿಸುವ ಒಂದು ಆಟ ಇದೆ. ಇಲ್ಲೇ ಆಡೋಣ.

2, 4, 6. ಈ ಮೂರು ಸಂಖ್ಯೆ ನನ್ನ ಮನಸ್ಸಿನಲ್ಲಿರುವ ಒಂದು ನಿಯಮಕ್ಕೆ ಸರಿಹೋಗುತ್ತವೆ. ನಿಯಮ ಏನು ಅಂತ ನೀವು ಕಂಡುಹಿಡಿಯಬೇಕು. ನೀವೂ ಮೂರು ಮೂರು ಸಂಖ್ಯೆ ಹಾಕಿ, ನಾನು ಹೌದು ಅಥವಾ ಅಲ್ಲ ಅಂತ ಮಾತ್ರ ಹೇಳುತ್ತೇನೆ. ಖಾತ್ರಿ ಆದಾಗ ನಿಯಮ ಹೇಳಿ.

ಮಾದಾಪುರದ ಕೃಷಿಕ

8, 10, 12.

ಕುಶಾಲನಗರದ ಮೇಷ್ಟ್ರು

ಹೌದು.

ಮಾದಾಪುರದ ಕೃಷಿಕ

20, 22, 24. ಆಮೇಲೆ 100, 102, 104.

ಕುಶಾಲನಗರದ ಮೇಷ್ಟ್ರು

ಎರಡಕ್ಕೂ ಹೌದು.

ಮಾದಾಪುರದ ಕೃಷಿಕ

ಸಿಕ್ಕಿತು. ಎರಡೆರಡು ಕೂಡುತ್ತಾ ಹೋಗಬೇಕು.

ಕುಶಾಲನಗರದ ಮೇಷ್ಟ್ರು

ಅಲ್ಲ.

ಪೊನ್ನಂಪೇಟೆಯವಳು

ನಾನು ನೋಡಲಾ ಮೇಷ್ಟ್ರೇ? 1, 2, 3?

ಕುಶಾಲನಗರದ ಮೇಷ್ಟ್ರು

ಹೌದು.

ಪೊನ್ನಂಪೇಟೆಯವಳು

5, 17, 90? ಮತ್ತೆ 6, 4, 2?

ಕುಶಾಲನಗರದ ಮೇಷ್ಟ್ರು

ಮೊದಲನೆಯದು ಹೌದು. ಎರಡನೆಯದು ಅಲ್ಲ.

ಪೊನ್ನಂಪೇಟೆಯವಳು

ಹಾಗಾದರೆ ಹಿಂದಿನದಕ್ಕಿಂತ ಮುಂದಿನದು ದೊಡ್ಡದಿರಬೇಕು, ಅಷ್ಟೇ.

ಕುಶಾಲನಗರದ ಮೇಷ್ಟ್ರು

ಅಷ್ಟೇ. ಪೀಟರ್ ವಾಸನ್ ಅನ್ನುವ ಮನಃಶಾಸ್ತ್ರಜ್ಞ ಲಂಡನ್ನಿನಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಇದನ್ನೇ ಆಡಿಸಿ 1960ರಲ್ಲಿ ಪ್ರಕಟಿಸಿದರು. ಬುದ್ಧಿವಂತರೇ ಎಡವಿದರು. ತಮ್ಮ ಊಹೆಗೆ ಹೊಂದುವ ಸಂಖ್ಯೆಗಳನ್ನೇ ಹಾಕುತ್ತಾ ಹೋದರು. ಪ್ರತಿ ಸಲ "ಹೌದು" ಬಂತು, ಪ್ರತಿ ಸಲ ಖಾತ್ರಿ ಜಾಸ್ತಿ ಆಯಿತು.

ನಿಮ್ಮ 100, 102, 104ಕ್ಕೆ ನಾನು ಹೌದು ಅಂದೆ. ಅದರಿಂದ ನಿಮಗೆ ಹೊಸದಾಗಿ ಏನೂ ತಿಳಿಯಲಿಲ್ಲ. ಪೊನ್ನಂಪೇಟೆಯ ತಂಗಿ 6, 4, 2 ಅಂದಾಗ ಸಿಕ್ಕ "ಅಲ್ಲ" ಇದೆಯಲ್ಲ, ಬಾಗಿಲು ತೆಗೆದದ್ದು ಅದು. ಹಚ್ಚಿದ ಗಿಡದ ಫೋಟೋಗಳೆಲ್ಲ 8, 10, 12ರ ಸಾಲಿಗೆ ಸೇರಿದವು. ಇದನ್ನು ಬೇಸರ ಮಾಡಬೇಕು ಅಂತ ಹೇಳುತ್ತಿಲ್ಲ. ಎಂಟನೇ ಕ್ಲಾಸಿನ ಮಕ್ಕಳು, ನಮ್ಮ ಶಾಲೆಯ ಶಿಕ್ಷಕರು ಎಲ್ಲರೂ ಹೀಗೇ ಶುರುಮಾಡುತ್ತಾರೆ. "ನನ್ನ ಊಹೆ ತಪ್ಪಾಗಿದ್ದರೆ ಅದು ಎಲ್ಲಿ ಕಾಣಿಸುತ್ತದೆ" ಅಂತ ಹುಡುಕಿಕೊಂಡು ಹೋಗುವುದನ್ನು ಯಾರಾದರೂ ಕಲಿಸಬೇಕು. ಅದು ತಾನಾಗಿ ಬರುವುದಿಲ್ಲ.

ಸಿದ್ದಾಪುರದ ಹಳೇ ಪ್ಲಾಂಟರ್

ನಮ್ಮದು ರೋಬಸ್ಟಾ ಕಾಫಿ. ಬೋರರ್ ಚಿಂತೆ ಅಷ್ಟಿಲ್ಲ. ಅದಕ್ಕೇ ಸುಮ್ನೆ ಓದುತ್ತಿದ್ದೆ. ಈಗ ಒಂದು ಮಾತು.

ಹಚ್ಚಿದ ಸಾಲು, ಬಿಟ್ಟ ಸಾಲು ಅನ್ನುವುದು ತೋಟಕ್ಕೆ ಸರಿ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದಾಗ ಯಾವ ಸಾಲು ಬಿಟ್ಟಿದ್ದೆವು? ಒಂದೇ ಸಲ ಆಗುವುದನ್ನು ಹೇಗೆ ಪರೀಕ್ಷೆ ಮಾಡುತ್ತೀರಿ? ಒರತೆ ಇರುವ ಇಳಿಜಾರಿನಲ್ಲಿ ಬುಡದ ಮಣ್ಣು ಕಡಿಯಬೇಡ ಅಂತ ಹಿರಿಯರು ಹೇಳುತ್ತಿದ್ದರು. ಯಾರ ಹತ್ತಿರವೂ ಅದಕ್ಕೆ ಕಾಗದ ಪತ್ರ ಇರಲಿಲ್ಲ. "ಪುರಾವೆ ಕೊಡಿ" ಅಂತ ಕೇಳಿದ್ದರೆ ಅವರು ಏನು ಕೊಡುತ್ತಿದ್ದರು? ಪುರಾವೆ ಪುರಾವೆ ಅನ್ನುತ್ತಾ ಬರೆಯಲು ಬಾರದವರ ತಿಳಿವಳಿಕೆಯನ್ನು ತಳ್ಳಿಹಾಕುವುದೂ ಮನಸ್ಸು ಮುಚ್ಚಿಕೊಂಡ ಹಾಗೇ.

ಮಡಿಕೇರಿಯಿಂದ

ಸಾರ್, ನಿಮ್ಮ ಪ್ರಶ್ನೆ ಈ ಚರ್ಚೆಯಲ್ಲೇ ಗಟ್ಟಿಯಾದ ಪ್ರಶ್ನೆ. ಆ ಆಗಸ್ಟ್‌ನಲ್ಲಿ ನಾನು ಪರಿಹಾರ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದೆ. ಮಕ್ಕಂದೂರು, ಮುಕ್ಕೋಡ್ಲು ಕಡೆಯಿಂದ ಬಂದವರು ಅಲ್ಲಿದ್ದರು. ಗುಡ್ಡ ಯಾಕೆ ಜಾರಿತು ಅನ್ನುವುದಕ್ಕೆ ಅಲ್ಲೇ ಎಷ್ಟೋ ಕಾರಣ ಕೇಳಿದೆ. ಜುಲೈಯಲ್ಲಿ ಭೂಮಿ ನಡುಗಿತ್ತಲ್ಲ ಅದು ಅಂದರು ಕೆಲವರು. ಅಣೆಕಟ್ಟಿನ ನೀರಿನ ಭಾರ ಅಂದರು ಇನ್ನು ಕೆಲವರು. ರೆಸಾರ್ಟು, ರಸ್ತೆ, ಜೆಸಿಬಿ ಅಂದವರಿದ್ದರು. ಬರೀ ಮಳೆ, ಅಷ್ಟು ಮಳೆಗೆ ಯಾವ ಗುಡ್ಡ ನಿಲ್ಲುತ್ತೆ ಅಂದವರೂ ಇದ್ದರು.

ನನಗೆ ಅವತ್ತು ಕಂಡದ್ದು ಇದು. ಪ್ರತಿಯೊಬ್ಬರೂ ತಮಗೆ ಖರ್ಚಿಲ್ಲದ ಕಾರಣವನ್ನೇ ಹಿಡಿದಿದ್ದರು. ಇಳಿಜಾರು ಕಡಿದು ಸೈಟು ಮಟ್ಟ ಮಾಡಿಕೊಂಡವರಿಗೆ ಭೂಕಂಪ ಹಿತವಾಗಿತ್ತು. ರೆಸಾರ್ಟ್ ಮೇಲೆ ಮೊದಲೇ ಸಿಟ್ಟಿದ್ದವರಿಗೆ ತಮ್ಮದೇ ಮನೆಯ ಹಿಂದಿನ ಕಡಿದ ಗೋಡೆ ಕಾಣಲಿಲ್ಲ.

ಒಂದೇ ಸಲ ಆಗಿದ್ದನ್ನು ಪರೀಕ್ಷೆ ಮಾಡೋಕೆ ಆಗಲ್ಲ ಅನ್ನುವುದನ್ನು ನಾನು ಪೂರ್ತಿ ಒಪ್ಪಲ್ಲ ಸಾರ್. ಒಂದೊಂದು ಕಾರಣವೂ ಒಂದೊಂದು ಗುರುತು ಬಿಡಬೇಕು. ನಡುಕವೇ ಕಾರಣ ಅಂದರೆ ಜುಲೈ ನಡುಕಕ್ಕೂ ಆಗಸ್ಟ್ ಮಧ್ಯದ ಕುಸಿತಕ್ಕೂ ನಡುವೆ ಒಂದು ತಿಂಗಳಿಗೂ ಮೇಲೆ ಅಂತರ ಯಾಕೆ ಅಂತ ಹೇಳಬೇಕು. ಅಣೆಕಟ್ಟಿನ ಭಾರ ಅಂದರೆ ಹಿನ್ನೀರಿನ ಹತ್ತಿರ ಜಾಸ್ತಿ, ದೂರ ಹೋದಂತೆ ಕಡಿಮೆ ಜಾರಿರಬೇಕು. ಮಣ್ಣು ಕಡಿದದ್ದು ಅಂದರೆ ರಸ್ತೆ, ಸೈಟು, ಮಟ್ಟ ಮಾಡಿದ ಜಾಗದ ಪಕ್ಕ ಜಾಸ್ತಿ ಇರಬೇಕು. ನಕ್ಷೆ ಮುಂದಿಟ್ಟುಕೊಂಡರೆ ಇದನ್ನು ಎಣಿಸಬಹುದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಬಂದು ಜಾಗ ಜಾಗ ನೋಡಿದರು. ಅವರ ಬೆರಳು ಹೋದದ್ದು ಭಾರೀ ಮಳೆಯ ಜೊತೆಗೆ ಇಳಿಜಾರನ್ನು ಕಡಿದು ಬದಲಿಸಿದ್ದರ ಕಡೆಗೆ. ನಿಮ್ಮ ಹಿರಿಯರು ಹೇಳಿದ್ದೂ ಅದನ್ನೇ ಅಲ್ವಾ?

ಹಾಗಾಗಿ ಹಿರಿಯರ ಮಾತಿಗೆ ಪುರಾವೆ ಇರಲಿಲ್ಲ ಅನ್ನಬೇಡಿ. ಎಷ್ಟೋ ಮಳೆಗಾಲ ಒಂದೇ ಗುಡ್ಡವನ್ನು ನೋಡಿದ್ದೇ ಅವರ ಪುರಾವೆ. ನಾವು ಕೂತು ಕೇಳಿ ಬರೆದಿಟ್ಟುಕೊಳ್ಳಲಿಲ್ಲ.

ಸಿದ್ದಾಪುರದ ಹಳೇ ಪ್ಲಾಂಟರ್

ಬರೆದಿಟ್ಟುಕೊಳ್ಳಲಿಲ್ಲ ಅನ್ನುವುದು ಸರಿಯಾದ ಮಾತು. ಆದರೆ ಹಿರಿಯರು ಹೇಳಿದ್ದೆಲ್ಲ ಹೀಗೆ ನಿಜವಾಗುವುದಿಲ್ಲ ಅನ್ನುವುದನ್ನೂ ನಾನೇ ಹೇಳುತ್ತೇನೆ. ಮರ ಜಾಸ್ತಿ ಇದ್ದರೆ ಫಸಲು ಇಲ್ಲ ಅಂತ ನೆರಳು ಪೂರಾ ತೆಗೆಸಿದ ಹಿರಿಯರೂ ಇದ್ದರು.

ಸೋಮವಾರಪೇಟೆ ಬೆಳೆಗಾರ

ಅದರ ಪಾಡು ಅರೇಬಿಕಾದವರು ಪಟ್ಟಿದ್ದೇವೆ ಸಾರ್. ಬಿಸಿಲು ಬಿದ್ದ ಕಾಂಡವೇ ಬೋರರ್ ದುಂಬಿಗೆ ಇಷ್ಟ.

ಮಡಿಕೇರಿಯವರು ಹೇಳಿದ "ಖರ್ಚಿಲ್ಲದ ಕಾರಣ" ನನ್ನ ತಲೆಯಲ್ಲಿ ಕೂತಿದೆ. ಡಾರ್ವಿನ್ ತನ್ನ ಬದುಕಿನ ಬಗ್ಗೆ ಬರೆದುಕೊಂಡಾಗ ಒಂದು ಪದ್ಧತಿ ಹೇಳಿದ್ದಾನೆ. ತನ್ನ ತೀರ್ಮಾನಕ್ಕೆ ವಿರುದ್ಧವಾದ ಸಂಗತಿ ಯಾವುದು ಕಣ್ಣಿಗೆ ಬಿದ್ದರೂ ತಕ್ಷಣ ಬರೆದಿಟ್ಟುಕೊಳ್ಳುತ್ತಿದ್ದನಂತೆ. ಹೊಂದುವ ಸಂಗತಿಗಿಂತ ಹೊಂದದ ಸಂಗತಿ ಬೇಗ ಮರೆತುಹೋಗುತ್ತದೆ ಅಂತ ಅವನಿಗೆ ಅನುಭವದಿಂದ ಗೊತ್ತಾಗಿತ್ತು. ನಮ್ಮ ತೋಟದ ರೈಟರ್ ಬರೆಯುವ ಲೆಕ್ಕದ ಪುಸ್ತಕದಲ್ಲಿ ಗೊಬ್ಬರ, ಆಳು, ಮಳೆ ಎಲ್ಲಕ್ಕೂ ಪಟ್ಟಿ ಇದೆ. "ನಾವು ಅಂದುಕೊಂಡ ಹಾಗೆ ಆಗದ್ದು" ಅನ್ನುವುದಕ್ಕೂ ಒಂದು ಪಟ್ಟಿ ಬೇಕು ಅನಿಸುತ್ತಿದೆ.

ಪೊನ್ನಂಪೇಟೆಯವಳು

ಹುಳು ಮತ್ತು ಗುಡ್ಡದ ಬಗ್ಗೆ ನೀವು ಹೇಳಿದ್ದು ಒಪ್ಪಿದೆ. ಅಲ್ಲಿ ಕೊನೆಗೆ ಎಣಿಸಬಹುದು. ಮನೆಯಲ್ಲಿ ಎಣಿಸೋಕೆ ಏನಿದೆ?

ನನ್ನ ತಂಗಿ ಕೊಡವರಲ್ಲದ ಹುಡುಗನನ್ನು ಮದುವೆಯಾಗಬೇಕು ಅಂತಿದ್ದಾಳೆ. ಒಕ್ಕದ, ಅಂದರೆ ನಮ್ಮ ಮನೆತನದ ಹಿರಿಯರೆಲ್ಲ ಮನೆಗೆ ಬಂದು ಕೂತು ಮಾತಾಡಿದರು. ಯಾರೂ ಕೂಗಾಡಲಿಲ್ಲ. ಅವಳು ಹೇಳಿದ್ದನ್ನು ಅಪ್ಪ ಒಂದು ಮಾತೂ ಅಡ್ಡ ಬಾರದೆ ಕೇಳಿದರು. ಎಲ್ಲ ಮುಗಿದ ಮೇಲೆ ಶುರುವಿನಲ್ಲಿ ಏನು ಹೇಳಿದ್ದರೋ ಅದನ್ನೇ, ಅದೇ ಶಬ್ದಗಳಲ್ಲಿ ಹೇಳಿದರು. ಹೊರಡುವಾಗ ದೊಡ್ಡಪ್ಪ "ನಾವೆಲ್ಲ ಎಷ್ಟು ಮುಕ್ತವಾಗಿ ಮಾತಾಡಿದೆವು ನೋಡು" ಅಂದರು. ಅವರು ನಿಜವಾಗಿಯೂ ಹಾಗೇ ನಂಬಿದ್ದರು. ತಂಗಿ ರಾತ್ರಿ ಇಡೀ ಅತ್ತಳು.

ಸಮಾಧಾನವಾಗಿ ಕೇಳಿಸಿಕೊಳ್ಳುವುದಕ್ಕೆ ನಾವು ಮುಕ್ತ ಮನಸ್ಸು ಅಂತ ಹೆಸರಿಟ್ಟಿದ್ದೇವೆ. ನನಗೆ ಅದು ಸಾಲದು.

ಬೈಲುಕುಪ್ಪೆ ರಸ್ತೆ

ಅಕ್ಕ, ನನ್ನ ಅಂಗಡಿ ಇರುವುದು ಕುಶಾಲನಗರದಿಂದ ಹೊಳೆ ದಾಟಿ ಹೋಗುವ ದಾರಿಯಲ್ಲಿ. ಬೈಲುಕುಪ್ಪೆಯ ಟಿಬೆಟನ್ ಸೆರಾ ಮಠದ ಅಂಗಳದಲ್ಲಿ ಸನ್ಯಾಸಿಗಳು ವಾದ ಮಾಡುವುದನ್ನು ನೀವು ನೋಡಿದ್ದೀರಾ? ಒಬ್ಬ ನೆಲದ ಮೇಲೆ ಕೂತಿರುತ್ತಾನೆ. ಇನ್ನೊಬ್ಬ ನಿಂತಿರುತ್ತಾನೆ. ನಿಂತವನು ಪ್ರಶ್ನೆ ಕೇಳಿ, ಕಾಲು ಎತ್ತಿ ನೆಲಕ್ಕೆ ಕುಟ್ಟಿ, ಎರಡು ಕೈಯನ್ನೂ ಜೋರಾಗಿ ತಟ್ಟುತ್ತಾನೆ. ಮೊದಲ ಸಲ ನೋಡಿದವರು ಜಗಳ ಅಂದುಕೊಳ್ಳುತ್ತಾರೆ.

ಒಬ್ಬ ಗೆಶೆಯನ್ನು, ಅಂದರೆ ಓದಿ ಪದವಿ ಪಡೆದ ಸನ್ಯಾಸಿಯನ್ನು ಕೇಳಿದಾಗ ಅವರು ನಿಯಮ ಹೇಳಿದರು. ಕೂತವನು ಭಾಷಣ ಮಾಡುವ ಹಾಗಿಲ್ಲ, ಮಾತು ತಪ್ಪಿಸುವ ಹಾಗಿಲ್ಲ. ಒಂದೋ "ಒಪ್ಪಿದೆ" ಅನ್ನಬೇಕು, ಇಲ್ಲ "ಯಾಕೆ?" ಅನ್ನಬೇಕು. ಕಾರಣ ಕೊಟ್ಟ ಮೇಲೆ "ಆ ಕಾರಣವೇ ಸರಿ ಇಲ್ಲ" ಅಥವಾ "ಕಾರಣ ಸರಿ, ಆದರೆ ಅದರಿಂದ ನೀನು ಹೇಳಿದ್ದು ಬರುವುದಿಲ್ಲ" ಅನ್ನಬೇಕು. ಹೆಚ್ಚುಕಡಿಮೆ ಇಷ್ಟರಲ್ಲೇ ಉತ್ತರ. ಒಮ್ಮೆ ಒಪ್ಪಿದ್ದನ್ನು ಆಮೇಲೆ ಅಲ್ಲ ಅಂದರೆ ಸಿಕ್ಕಿಬಿದ್ದ ಹಾಗೆ. ಆಮೇಲೆ ಜಾಗ ಬದಲಾಗುತ್ತದೆ. ಕೂತವನು ನಿಲ್ಲುತ್ತಾನೆ.

ನಿಮ್ಮ ಅಪ್ಪ ಎಲ್ಲ ಕೇಳಿದರು, ಸರಿ. ಆದರೆ ಯಾವ ಮಾತು ಒಪ್ಪಿತು, ಯಾವುದು ಒಪ್ಪಲಿಲ್ಲ, ಎಲ್ಲಿ ಅಡ್ಡಿ ಅಂತ ಹೇಳಲಿಲ್ಲ. ಹಾಗೆ ಕೇಳಿದರೆ ಮಾತು ಎಲ್ಲೂ ತಾಗುವುದಿಲ್ಲ. ನಿಮ್ಮ ಕಡೆಯಿಂದಲೂ ಒಂದು ಕೆಲಸ ಬಾಕಿ ಇರಬಹುದು. ಅಪ್ಪನ ಅಡ್ಡಿ ಏನು ಅಂತ ಅವರೇ "ಹೌದು, ಇದೇ" ಅನ್ನುವ ಹಾಗೆ ನೀವು ಹೇಳಬಲ್ಲಿರಾ?

ಪೊನ್ನಂಪೇಟೆಯವಳು

ಇಲ್ಲೇ ಹೇಳಿ ನೋಡುತ್ತೇನೆ. ಸಿದ್ದಾಪುರದ ಮಾವ, ನೀವು ಅಪ್ಪನ ವಯಸ್ಸಿನವರು ಅಂತ ಕಾಣುತ್ತೆ. ತಪ್ಪಿದ್ದರೆ ತಿದ್ದಿ.

ಅಪ್ಪನಿಗೆ ಆ ಹುಡುಗನ ಮೇಲೆ ಏನೂ ಇಲ್ಲ. ನಾವು ಸಣ್ಣ ಜನ. 2011ರ ಜನಗಣತಿಯಲ್ಲಿ ಕೊಡವ ತಕ್ಕ್ ತಮ್ಮ ಮಾತು ಅಂದವರು ಸುಮಾರು 1.14 ಲಕ್ಷ. ಅಳಿವಿನ ಅಪಾಯದಲ್ಲಿರುವ ಭಾಷೆಗಳ ಯುನೆಸ್ಕೋ ಪಟ್ಟಿಯಲ್ಲಿ ಅದು ಇದೆ. ಮಕ್ಕಳೆಲ್ಲ ಬೆಂಗಳೂರು, ದುಬೈ ಅಂತ ಹೋಗಿದ್ದಾರೆ. ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ದೀಪ ಹಚ್ಚೋಕೆ ವರ್ಷವಿಡೀ ಇರುವವರು ಇಬ್ಬರು ಹಿರಿಯರು. ಒಬ್ಬಳು ಹೊರಗೆ ಹೋದರೆ ಏನಾಯಿತು ಅಂತ ಅವಳಿಗೆ ಅನಿಸುತ್ತೆ. ಅಪ್ಪನಿಗೆ ಪ್ರತಿಯೊಬ್ಬರೂ ಹೀಗೇ ಅಂದುಕೊಂಡರೆ ಮುಂದಿನ ತಲೆಮಾರಿಗೆ ಪುತ್ತರಿ ಸುಗ್ಗಿ ಹಬ್ಬಕ್ಕೆ ಕದಿರು ತೆಗೆಯೋಕೆ ಯಾರು ಬರುತ್ತಾರೆ ಅನ್ನುವ ಭಯ.

ಸಿದ್ದಾಪುರದ ಹಳೇ ಪ್ಲಾಂಟರ್

ಮಗಳೇ, ನಾನು ಹೇಳಿದ್ದರೆ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ನೀನು ಒಂದು ಮಾತು ಬಿಟ್ಟೆ. ಮಗಳು ಹೊರಗೆ ಮದುವೆಯಾದರೆ ಅವಳನ್ನೇ ಕ್ರಮೇಣ ಹೊರಗಿನವಳ ಹಾಗೆ ನೋಡುತ್ತಾರೆ ಅನ್ನುವ ಸಂಕಟವೂ ಅಪ್ಪನಿಗೆ ಇರುತ್ತದೆ. ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಪೊನ್ನಂಪೇಟೆಯವಳು

ಅದನ್ನು ನಾನು ಯೋಚಿಸಿರಲೇ ಇಲ್ಲ ಮಾವ.

ಹಾಗಾದರೆ ನನ್ನ ಪ್ರಶ್ನೆ ಇದು. ನಮ್ಮ ಚಿಕ್ಕಪ್ಪನ ಮಗಳು ಹೊರಗೆ ಮದುವೆಯಾಗಿದ್ದಾಳೆ. ಅವಳ ಇಬ್ಬರು ಮಕ್ಕಳೂ ಮನೆಯಲ್ಲಿ ತಕ್ಕ್ ಮಾತಾಡುತ್ತಾರೆ. ಪುತ್ತರಿಗೆ ಗಂಡ ಮಕ್ಕಳ ಜೊತೆ ಬರುತ್ತಾಳೆ. ಇನ್ನೊಬ್ಬ ಅಣ್ಣ ಒಳಗೇ ಮದುವೆಯಾದ. ಅವನ ಮಗನಿಗೆ ಬರೀ ಇಂಗ್ಲಿಷ್. ಭಯ ಭಾಷೆಯದ್ದು, ಪದ್ಧತಿಯದ್ದು ಅಂತಾದರೆ ಈ ಎರಡು ಮನೆಗಳನ್ನು ನೋಡಿ ಏನಂತೀರಿ?

ಸಿದ್ದಾಪುರದ ಹಳೇ ಪ್ಲಾಂಟರ್

ಬೈಲುಕುಪ್ಪೆಯವರ ನಿಯಮದಲ್ಲೇ ಹೇಳುತ್ತೇನೆ. ಮಕ್ಕಳು ತಕ್ಕ್ ಕಲಿಯುವುದು ಮನೆಯ ಮೇಲೆ ನಿಂತಿದೆ, ಮದುವೆಯ ಮೇಲೆ ಮಾತ್ರ ಅಲ್ಲ: ಒಪ್ಪಿದೆ. ಎರಡು ಮನೆ ನೋಡಿ ಎಲ್ಲ ಮನೆಯೂ ಹೀಗೇ ಅನ್ನುವುದು: ಆ ಕಾರಣದಿಂದ ಅದು ಬರುವುದಿಲ್ಲ. ಹತ್ತು ಮನೆ ತೋರಿಸಿದರೆ ಆ ಚಿಂತೆ ಬಿಡುತ್ತೇನೆ. ಒಕ್ಕದ ಹೆಸರು, ಒಕ್ಕದ ಮೂಲಪುರುಷ ಕಾರೋಣನ ಮುಂದೆ ನಿಲ್ಲುವ ಹಕ್ಕು, ಇದು ನನಗೆ ಎಣಿಸುವ ವಿಷಯ ಅಲ್ಲ. ಅದರಲ್ಲಿ ನಾನು ಇನ್ನೂ ಅಪ್ಪನ ಕಡೆಗೇ ಇದ್ದೇನೆ. ಅಷ್ಟನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು.

ಪೊನ್ನಂಪೇಟೆಯವಳು

ಇಷ್ಟು ಸ್ಪಷ್ಟವಾಗಿ ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಅಪ್ಪನ ಹತ್ತಿರ ಮೊದಲು ಆ ಹೇಳದ ಸಂಕಟದಿಂದಲೇ ಮಾತು ಶುರುಮಾಡುತ್ತೇನೆ. ತಂಗಿಗೂ ಇದನ್ನು ಓದಿಸುತ್ತೇನೆ.

ಮಾದಾಪುರದ ಕೃಷಿಕ

ನಾನು ಆಗಿನಿಂದ ಓದುತ್ತಿದ್ದೇನೆ. ಕಷಾಯಕ್ಕೆ ವಾಪಸ್ ಬರೋಣ. ಸೋಮವಾರಪೇಟೆ ಅಣ್ಣ ಮೊದಲು ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಟ್ಟಿಲ್ಲ. ಈಗ ಕೊಡುತ್ತೇನೆ. ಹಚ್ಚಿದ ಸಾಲಿನಲ್ಲೂ ಹಚ್ಚದ ಸಾಲಿನಲ್ಲೂ ಬೋರರ್ ಹಿಡಿದ ಗಿಡ ಹೆಚ್ಚುಕಡಿಮೆ ಒಂದೇ ಇದ್ದರೆ ನಾನು ಕಷಾಯ ಬಿಡುತ್ತೇನೆ, ಬೇರೆಯವರಿಗೂ ಹೇಳುತ್ತೇನೆ. ಹಚ್ಚಿದ ಕಡೆ ಅರ್ಧಕ್ಕಿಂತ ಕಡಿಮೆ ಇದ್ದರೆ ನೀವು ಏನು ಮಾಡುತ್ತೀರಿ?

ಸೋಮವಾರಪೇಟೆ ಬೆಳೆಗಾರ

ನನ್ನ ತೋಟದಲ್ಲಿ ಮುಂದಿನ ವರ್ಷ ಅದನ್ನೇ ಮಾಡಿ ನೋಡುತ್ತೇನೆ. ಅಲ್ಲೂ ಹಾಗೇ ಬಂದರೆ ಪೂರಾ ಬ್ಲಾಕಿಗೆ ಹಚ್ಚುತ್ತೇನೆ. ನನ್ನ ಖರ್ಚಿನಲ್ಲೇ.

ಒಂದೇ ಬ್ಲಾಕಿನಲ್ಲಿ, ಒಂದೇ ವಯಸ್ಸಿನ ಗಿಡದಲ್ಲಿ, ಮರಗಸಿ (ನೆರಳು ಮರದ ಕೊಂಬೆ ಸವರುವುದು) ಒಂದೇ ತರ ಮಾಡಿದ ಕಡೆ ಮಾಡಿ. ಬಿಸಿಲು ಬೀಳುವ ಅಂಚಿನ ಸಾಲು ಬೇಡ. ಯಾವ ಸಾಲಿಗೆ ಹಚ್ಚುವುದು ಅಂತ ನೀವು ಆರಿಸಬೇಡಿ, ಚೀಟಿ ಎತ್ತಿ. ನಾವೇ ಆರಿಸಿದರೆ ಗೊತ್ತಿಲ್ಲದೇ ಚೆನ್ನಾಗಿರುವ ಸಾಲಿಗೆ ಕೈ ಹೋಗುತ್ತದೆ. ಕಾಂಡದ ಸಡಿಲ ತೊಗಟೆ ಉಜ್ಜುವುದಾದರೆ ಎರಡೂ ಕಡೆ ಉಜ್ಜಿಸಿ, ಇಲ್ಲದಿದ್ದರೆ ಫಲ ಉಜ್ಜಿದ್ದರದ್ದೋ ಕಷಾಯದ್ದೋ ತಿಳಿಯಲ್ಲ. ದುಂಬಿ ಹಾರುವುದು ಏಪ್ರಿಲ್–ಮೇ ಒಂದು ಸಲ, ಅಕ್ಟೋಬರ್‌ನಿಂದ ಡಿಸೆಂಬರ್ ಇನ್ನೊಂದು ಸಲ. ಎರಡಕ್ಕೂ ಮುಂಚೆ ಹಚ್ಚಬೇಕು.

ಮಾದಾಪುರದ ಕೃಷಿಕ

ಈ ಡಿಸೆಂಬರ್ ಕಳೆದ ತಕ್ಷಣ ಎಣಿಸಬಹುದಾ?

ಸೋಮವಾರಪೇಟೆ ಬೆಳೆಗಾರ

ಬೇಡ. ಮರಿಹುಳು ಕಾಂಡದೊಳಗೆ ಎಂಟು ಹತ್ತು ತಿಂಗಳು ಇರುತ್ತದೆ. ಆಗಲೇ ಎಣಿಸಿದರೆ ಎಲ್ಲ ಗಿಡವೂ ಚೆನ್ನಾಗಿಯೇ ಕಾಣುತ್ತದೆ. ಮುಂದಿನ ಸೆಪ್ಟೆಂಬರ್‌ವರೆಗೆ ಕಾಯಬೇಕು. ಬೋರರ್ ಹಿಡಿದ ಗಿಡ ಗುರುತಿಸಿ ಕಿತ್ತು ಸುಡುವ ಸಮಯವೂ ಅದೇ.

ಕುಶಾಲನಗರದ ಮೇಷ್ಟ್ರು

ಒಂದು ಅನುಮಾನ. ಎಣಿಸುವವರಿಗೆ ಯಾವ ಸಾಲು ಯಾವುದು ಅಂತ ಗೊತ್ತಿರಬಾರದು. ಕಾಂಡದ ಮೇಲೆ ಏಣು, ಅಂದರೆ ಉಬ್ಬು ಗೆರೆ ಎದ್ದಿದೆಯೋ ಇಲ್ಲವೋ, ಎಲೆ ಹಳದಿಯೋ ಅಲ್ಲವೋ ಅನ್ನುವುದು ಕೆಲವು ಗಿಡದಲ್ಲಿ ಸಂದೇಹ ಇರುತ್ತದೆ ಅಲ್ವಾ? ಆಗ ಮನಸ್ಸು ಎಳೆದ ಕಡೆ ಕಣ್ಣು ಹೋಗುತ್ತದೆ. ಕಷಾಯದ ಬಣ್ಣ ಕಾಂಡದ ಮೇಲೆ ಉಳಿಯುತ್ತದಾ?

ಮಾದಾಪುರದ ಕೃಷಿಕ

ನಮ್ಮ ಮಳೆಗೆ ಯಾವ ಬಣ್ಣವೂ ಸೆಪ್ಟೆಂಬರ್‌ವರೆಗೆ ನಿಲ್ಲಲ್ಲ ಮೇಷ್ಟ್ರೇ. ಸಾಲಿಗೆ ಸಂಖ್ಯೆ ಮಾತ್ರ ಕಟ್ಟುತ್ತೇನೆ. ಯಾವುದಕ್ಕೆ ಹಚ್ಚಿದ್ದು ಅನ್ನುವ ಪಟ್ಟಿ ಮುಚ್ಚಿದ ಕವರಿನಲ್ಲಿ ಮಡಿಕೇರಿಯವರ ಹತ್ತಿರ ಇರಲಿ. ಆದರೆ ಎಣಿಸುವವರು ಬೋರರ್ ಗೊತ್ತಿರುವವರೇ ಆಗಬೇಕು. ನನ್ನ ಕಡೆಯವರೂ ಬೇಡ, ಅಣ್ಣನ ಕಡೆಯವರೂ ಬೇಡ.

ಮಡಿಕೇರಿಯಿಂದ

ಕವರ್ ನನ್ನ ಹತ್ತಿರ ಇರಲಿ, ತೆರೆಯಲ್ಲ.

ಸಿದ್ದಾಪುರದ ಹಳೇ ಪ್ಲಾಂಟರ್

ಎಣಿಸೋಕೆ ನಾನು ಬರುತ್ತೇನೆ. ರೋಬಸ್ಟಾ ಹಾಕುವ ಮೊದಲು ನಮ್ಮದೂ ಅರೇಬಿಕಾನೇ ಇತ್ತು, ಏಣು ಎದ್ದ ಕಾಂಡ ಕೈಯಲ್ಲಿ ಸವರಿದರೆ ಗೊತ್ತಾಗುತ್ತದೆ. ಸೆಪ್ಟೆಂಬರ್ ಮೊದಲ ವಾರ ಮಳೆ ಬಿಟ್ಟ ದಿನ ನೋಡಿ ಫೋನ್ ಮಾಡಿ.